ಜಗತ್ತಿನ ಬಾಂಬುಗಳನ್ನು ಕೇಳುವ ಬಂಡೆ

ಬಾಣಸವಾಡಿ ರೈಲು ನಿಲ್ದಾಣದಿಂದ ಉತ್ತರಕ್ಕೆ, ಚೂರು ಪಶ್ಚಿಮಕ್ಕೆ ವಾಲಿಸಿ, ನಕಾಶೆಯ ಮೇಲೆ ಒಂದು ನೇರ ಗೆರೆ ಎಳೆಯಿರಿ. ಅದು ಹೆಬ್ಬಾಳ ದಾಟಿ, ಯಲಹಂಕ ದಾಟಿ, ದೊಡ್ಡಬಳ್ಳಾಪುರದ ಮಗ್ಗಗಳನ್ನೂ ಮಾಕಳಿದುರ್ಗದ ಬೆಟ್ಟಗಳನ್ನೂ ಹಿಂದೆ ಹಾಕಿ, ಎಪ್ಪತ್ತು ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಗೌರಿಬಿದನೂರಿಗೆ ಬಂದು ನಿಲ್ಲುತ್ತದೆ. ಅಲ್ಲಿ ರಾಗಿ, ಮುಸುಕಿನ ಜೋಳ, ಕಡಲೆಕಾಯಿ ಬೆಳೆಯುವ ಹೊಲಗಳ ನಡುನಡುವೆ, ನೆಲಕ್ಕೆ ಕಿವಿಗೊಟ್ಟು ಇಪ್ಪತ್ತು ಉಪಕರಣಗಳು ಕೂತಿವೆ. 1965ರಿಂದ ಕೂತಿವೆ. ಅವು ಕೇಳಲೆಂದು ಕಾದಿರುವುದು ಒಂದೇ ಸದ್ದನ್ನು: ಜಗತ್ತಿನ ಯಾವುದೋ ಮೂಲೆಯಲ್ಲಿ, ನೆಲದಡಿ, ಗುಟ್ಟಾಗಿ ಸಿಡಿದ ಅಣುಬಾಂಬಿನ ಸದ್ದು!

ಚೀನಾದ ಲೋಪ್ ನೋರ್ ಮರುಭೂಮಿಯಲ್ಲಿ ನೆಲದಡಿ ಬಾಂಬ್ ಸಿಡಿದರೆ ಸುಮಾರು ಆರು ನಿಮಿಷಕ್ಕೆ ಅದರ ಮೊದಲ ಕಂಪನ ಗೌರಿಬಿದನೂರಿನ ಹೊಲವನ್ನು ಮುಟ್ಟುತ್ತದೆ. ಹಳೆಯ ಸೋವಿಯತ್ ಒಕ್ಕೂಟದ ಪರೀಕ್ಷಾ ಬಯಲಾದ ಕಜಕಸ್ತಾನದ ಸೆಮಿಪಲಾಟಿನ್‌ಸ್ಕ್‌ನಿಂದ ಏಳು ನಿಮಿಷ. ಉತ್ತರ ಕೊರಿಯಾದ ಪುಂಗೇರಿ ಬೆಟ್ಟದಿಂದ ಒಂಬತ್ತು ನಿಮಿಷ ಚಿಲ್ಲರೆ. ಬಾಣಸವಾಡಿಯಿಂದ ಸಂಜೆಯ ಹೊತ್ತು ಕಮ್ಮನಹಳ್ಳಿ ಮುಟ್ಟುವುದಕ್ಕೆ ಇದಕ್ಕಿಂತ ಹೆಚ್ಚು ಸಮಯ ಬೇಕು.

ಇದು ನಮ್ಮ ಊರಿನ ಮಗ್ಗುಲಲ್ಲೇ ಇರುವ ಸಂಗತಿ. ಹೀಗಿದ್ದೂ ಓಎಂಬಿಆರ್ ಬಡಾವಣೆಯಲ್ಲಿ, ಎಚ್‌ಆರ್‌ಬಿಆರ್ ಬಡಾವಣೆಯಲ್ಲಿ, ಸುಬ್ಬಯ್ಯನಪಾಳ್ಯದಲ್ಲಿ ಯಾರನ್ನು ಕೇಳಿದರೂ ಗೌರಿಬಿದನೂರು ಎಂದರೆ ವಿದುರಾಶ್ವತ್ಥ ಎನ್ನುತ್ತಾರೆ, ಗಾಂಧಿವಾದಿ ಎಚ್. ನರಸಿಂಹಯ್ಯನವರ ತಾಲ್ಲೂಕು ಎನ್ನುತ್ತಾರೆ. ಎರಡೂ ನಿಜ, ಎರಡೂ ಹೆಮ್ಮೆಯದು. ಆದರೆ ಈ ಮೂರನೆಯದು ಗೊತ್ತಾದ ದಿನದಿಂದ ನನಗೆ ನಮ್ಮ ಬೀದಿಯ ನೆಲವೇ ಬೇರೆಯಾಗಿ ಕಾಣತೊಡಗಿದೆ.

ಏಕೆಂದರೆ ಆ ನೆಲ ಮತ್ತು ಈ ನೆಲ ಒಂದೇ. ಬಾಣಸವಾಡಿಯಲ್ಲಿ ಬೋರ್‌ವೆಲ್ ಲಾರಿ ಬಂದು ಕೊರೆಯುವಾಗ ನಿಂತು ನೋಡಿ. ಮೊದಲು ಕೆಂಪು ಮಣ್ಣು ಏಳುತ್ತದೆ. ಆಮೇಲೆ ಬೂದಿ ಬಣ್ಣದ ಪುಡಿ ಹೊಗೆಯಂತೆ ಎದ್ದು ಎದುರು ಮನೆಯ ಕಿಟಕಿಗೆಲ್ಲ ಮೆತ್ತಿಕೊಳ್ಳುತ್ತದೆ. ಆ ಪುಡಿ ನೈಸ್ ಶಿಲೆಯದು. ಲಾಲ್‌ಬಾಗಿನ ಬಂಡೆಯೂ ಅದೇ ಜಾತಿಯದು, ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಭೂಮಿಯ ಮೇಲಿನ ಅತ್ಯಂತ ಹಳೆಯ, ಅತ್ಯಂತ ಗಟ್ಟಿಯಾದ ನೆಲಗಳಲ್ಲಿ ಇದೂ ಒಂದು. ಮೆತ್ತನೆಯ ಮೆಕ್ಕಲು ಮಣ್ಣು ಕಂಪನವನ್ನು ಕಲಕಿಬಿಡುತ್ತದೆ. ಈ ಕಗ್ಗಲ್ಲು ಹಾಗಲ್ಲ, ದೂರದಿಂದ ಬಂದ ಸಣ್ಣ ನಡುಕವನ್ನೂ ಸವೆಯಗೊಡದೆ ತಂದು ಒಪ್ಪಿಸುತ್ತದೆ. ಕಡಲಿನಿಂದ ದೂರ, ದೊಡ್ಡ ಕಾರ್ಖಾನೆಗಳಿಂದ ದೂರ, ಇಂಥ ಬಂಡೆಯ ಮೇಲೆ ಹರಡಿದ ಬಯಲು ಬೇಕು ಎಂದು ಹುಡುಕಿದವರಿಗೆ ಗೌರಿಬಿದನೂರು ಸಿಕ್ಕಿತು. ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಅಂದರೆ ಬಿಎಆರ್‌ಸಿ, ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ನೆರವಿನಿಂದ ಇಲ್ಲಿ ಈ ಜಾಲ ಹಾಸಿತು.

ದೂರ ಯಾಕೆ ಬೇಕು ಎನ್ನುವುದು ನಮ್ಮ ಬಾಣಸವಾಡಿಯವರಿಗೆ ಬೇಗ ಅರ್ಥವಾಗುತ್ತದೆ. ಗೂಡ್ಸ್ ರೈಲು ಹೋಗುವಾಗ ಹಳಿಯ ಪಕ್ಕದ ಮನೆಗಳಲ್ಲಿ ಲೋಟ ಅಲುಗುತ್ತದೆ. ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಂಬಕ್ಕೆ ನೆಲ ಕೊರೆದರೆ ಎದೆಯೊಳಗೇ ಗುಮ್ ಎನ್ನುತ್ತದೆ. ಮನುಷ್ಯರ ಓಡಾಟದ ಈ ನಡುಕ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಕುಣಿಯುವಂಥದು. ದೂರದ ಬಾಂಬಿನ ಮೊದಲ ಅಲೆಯೂ ಹೆಚ್ಚೂಕಡಿಮೆ ಅದೇ ಲಯದಲ್ಲಿ ಬರುತ್ತದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಜಗತ್ತಿನ ಹಲವು ಕಡೆ ಈ ಮಾನವ ನಡುಕ ಅರ್ಧದಷ್ಟು ಇಳಿದಿತ್ತು ಎಂದು ಭೂಕಂಪನ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ನಾವು ಮನೆಯಲ್ಲಿ ಕೂತದ್ದು ಭೂಮಿಗೆ ಗೊತ್ತಾಯಿತು!

ಈಗ ಆ ಉಪಕರಣದೊಳಗೆ ಹೊಕ್ಕು ನೋಡೋಣ. ವಿಲ್ಮೋರ್ ಎಂಬ ಬ್ರಿಟಿಷ್ ವಿಜ್ಞಾನಿಯ ಹೆಸರು ಹೊತ್ತ ಮಾದರಿ ಅದು. ಸ್ಪ್ರಿಂಗಿಗೆ ತೂಗುಬಿಟ್ಟ ಭಾರದ ಅಯಸ್ಕಾಂತ, ಸುತ್ತ ತಾಮ್ರದ ತಂತಿಯ ಸುರುಳಿ, ಅಷ್ಟೇ. ನೆಲ ಅಲುಗಿದಾಗ ಪೆಟ್ಟಿಗೆ ಅಲುಗುತ್ತದೆ, ಸುರುಳಿ ಅಲುಗುತ್ತದೆ. ತೂಗುತ್ತಿರುವ ಅಯಸ್ಕಾಂತ ಮಾತ್ರ ತನ್ನ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಆ ವ್ಯತ್ಯಾಸಕ್ಕೆ ತಂತಿಯಲ್ಲಿ ಒಂದು ಸಣ್ಣ ವಿದ್ಯುತ್ ಹುಟ್ಟುತ್ತದೆ. ಎಷ್ಟು ಸಣ್ಣ ಅಲುಗಾಟಕ್ಕೆ ಗೊತ್ತೇ? ಐದು ಸಾವಿರ ಕಿಲೋಮೀಟರ್ ದೂರದಲ್ಲಿ 4ರ ತೀವ್ರತೆಯ ಘಟನೆಯಾದರೆ ಗೌರಿಬಿದನೂರಿನ ಬಂಡೆ ಮೇಲೆ ಕೆಳಗೆ ಆಡುವುದು ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಒಂದೆರಡು ಪಾಲು. ಅದನ್ನೂ ಅಳೆಯಬಹುದು. ಗಟ್ಟಿ ಬಂಡೆಯೊಳಗೆ ಸಿಡಿದ ಒಂದು ಕಿಲೋಟನ್ ಬಾಂಬ್, ಅಂದರೆ ಹಿರೋಷಿಮಾ ಬಾಂಬಿನ ಹದಿನೈದರಲ್ಲಿ ಒಂದು ಪಾಲು, ಇದಕ್ಕಿಂತ ಜೋರಾಗಿ, ಸುಮಾರು ನಾಲ್ಕೂವರೆ ತೀವ್ರತೆಯಲ್ಲಿ ಕೇಳಿಸುತ್ತದೆ.

ಆದರೆ ಒಂದು ಉಪಕರಣ ಸಾಲದು. ಗಾಳಿಗೆ ಮರ ತೂಗಿದರೂ ಅದರ ಬೇರು ನೆಲವನ್ನು ಮೀಟುತ್ತದೆ, ಟ್ರ್ಯಾಕ್ಟರ್ ಹೋದರೂ ಸೂಜಿ ಕುಣಿಯುತ್ತದೆ. ಅದಕ್ಕೇ ಇಪ್ಪತ್ತು. ಹತ್ತು ಒಂದು ಸಾಲಿನಲ್ಲಿ, ಹತ್ತು ಅದಕ್ಕೆ ಅಡ್ಡವಾದ ಇನ್ನೊಂದು ಸಾಲಿನಲ್ಲಿ, ಒಂದರಿಂದ ಒಂದಕ್ಕೆ ಸುಮಾರು ಎರಡೂವರೆ ಕಿಲೋಮೀಟರ್. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರ. ಒಂದೊಂದು ತೋಳೂ ಇಪ್ಪತ್ತು ಕಿಲೋಮೀಟರಿಗಿಂತ ಉದ್ದ. ಈ ಅಕ್ಷರದ ಮೂಲೆಯನ್ನು ತಂದು ಬಾಣಸವಾಡಿಯಲ್ಲಿ ಇಟ್ಟರೆ ಒಂದು ತೋಳಿನ ತುದಿ ಕೆಂಗೇರಿಯಷ್ಟು ದೂರ ಹೋಗುತ್ತದೆ, ಇನ್ನೊಂದರದು ದೇವನಹಳ್ಳಿಯ ವಿಮಾನ ನಿಲ್ದಾಣದಷ್ಟು ದೂರ. ಅಷ್ಟು ದೊಡ್ಡ ಒಂದೇ ಒಂದು ಕಿವಿ!

ಉತ್ತರದ ಲೋಪ್ ನೋರ್‌ನಿಂದ ಬಂದ ಅಲೆ ಮೊದಲು ಉತ್ತರದ ತುದಿಯ ಉಪಕರಣವನ್ನು ಮುಟ್ಟುತ್ತದೆ, ಹೆಚ್ಚೂಕಡಿಮೆ ಎರಡು ಸೆಕೆಂಡಿನೊಳಗೆ ದಕ್ಷಿಣದ ತುದಿಯನ್ನು ಮುಟ್ಟಿ ಮುಂದೆ ಹೋಗುತ್ತದೆ. ಇಪ್ಪತ್ತು ದಾಖಲೆಗಳನ್ನೂ ಆ ತಡದಷ್ಟೇ ಹಿಂದೆ ಮುಂದೆ ಸರಿಸಿ ಒಂದರ ಮೇಲೊಂದು ಕೂಡಿಸಿದರೆ, ಸ್ಥಳೀಯ ಗದ್ದಲ ತಮ್ಮತಮ್ಮಲ್ಲೇ ಕಳೆದುಹೋಗಿ, ದೂರದ ಅಲೆ ಮಾತ್ರ ಎದ್ದು ನಿಲ್ಲುತ್ತದೆ. ತೇರು ಎಳೆಯುವಾಗ ಒಂದು ಕೂಗಿಗೆ ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗಿದಾಗ ಚಕ್ರ ಉರುಳುತ್ತದಲ್ಲ, ಹಾಗೆ. ಇಪ್ಪತ್ತು ಉಪಕರಣ ಕೂಡಿದರೆ ಕೇಳುವ ಶಕ್ತಿ ಸುಮಾರು ನಾಲ್ಕೂವರೆ ಪಟ್ಟು ಏರುತ್ತದೆ ಎಂಬುದು ಗಣಿತ. ಇನ್ನೂ ದೊಡ್ಡ ಲಾಭ ಬೇರೆ ಇದೆ. ಯಾವ ತಡದ ಲೆಕ್ಕಕ್ಕೆ ಅಲೆ ಎದ್ದು ನಿಂತಿತು ಎಂಬುದರಿಂದಲೇ ಅದು ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತು ಎಂದು ತಿಳಿಯುತ್ತದೆ. ಬಾಂಬ್ ಸಿಡಿಸಿದವರು ಬಾಯಿ ಬಿಡಬೇಕಾಗಿಲ್ಲ.

ಇಷ್ಟಕ್ಕೇ ಬೆರಗಾಗಿದ್ದ ನನಗೆ ಇನ್ನೂ ದೊಡ್ಡ ಬೆರಗು ಕಾದಿತ್ತು. ಫ್ರಾನ್ಸ್ 1975ರಿಂದ 1996ರ ಜನವರಿವರೆಗೆ ತನ್ನ ಬಾಂಬುಗಳನ್ನು ದಕ್ಷಿಣ ಪೆಸಿಫಿಕ್‌ನ ಮುರುರೊವಾ ಮತ್ತು ಫಂಗಟೌಫಾ ಎಂಬ ಹವಳದ್ವೀಪಗಳ ನೆಲದಡಿ ಸಿಡಿಸುತ್ತಿತ್ತು. ಗೋಳವನ್ನು ಕೈಯಲ್ಲಿ ಹಿಡಿದು ನೋಡಿ, ನಮ್ಮ ಕಾಲಡಿಯ ಹೆಚ್ಚೂಕಡಿಮೆ ಎದುರು ಮಗ್ಗುಲು. ನಡುವೆ ಇಡೀ ಭೂಮಿ, ಅದರ ಕಬ್ಬಿಣದ ಕರಗಿದ ತಿರುಳು! ಆ ತಿರುಳು ಅಲೆಗಳನ್ನು ಬಗ್ಗಿಸುತ್ತದೆ. ಹೀಗೆ ಬಗ್ಗಿಸುವುದರಿಂದ ಸ್ಫೋಟದ ಜಾಗದಿಂದ ಕೋನದ ಲೆಕ್ಕದಲ್ಲಿ 104 ಡಿಗ್ರಿಯಿಂದ ಸುಮಾರು 140 ಡಿಗ್ರಿವರೆಗಿನ ಪಟ್ಟಿಗೆ ಮೊದಲ ಅಲೆ ನೇರವಾಗಿ ಮುಟ್ಟುವುದೇ ಇಲ್ಲ, ಅದು ನೆರಳು. ಅಮೆರಿಕದ ನೆವಾಡ ಪರೀಕ್ಷಾ ಬಯಲು ಗೌರಿಬಿದನೂರಿನಿಂದ ಸುಮಾರು 128 ಡಿಗ್ರಿ, ಆ ನೆರಳಿನ ಒಳಗೇ. ಆದರೆ ನೆರಳು ಮುಗಿಯುತ್ತಲೇ, 144 ಡಿಗ್ರಿಯ ಆಸುಪಾಸಿನಲ್ಲಿ, ತಿರುಳಿನ ಒಳಗಿಂದ ಬಾಗಿ ಬಂದ ಅಲೆಗಳೆಲ್ಲ ಒಂದೆಡೆ ಕೂಡಿ ಪ್ರಖರವಾಗುವ ಒಂದು ಉಂಗುರವಿದೆ. ಮುರುರೊವಾದಿಂದ ಗೌರಿಬಿದನೂರಿಗೆ ಎಷ್ಟು ಡಿಗ್ರಿ ಎಂದು ಅಕ್ಷಾಂಶ ರೇಖಾಂಶ ಹಿಡಿದು ಲೆಕ್ಕ ಹಾಕಿ ನೋಡಿ: 144 ಚಿಲ್ಲರೆ! ಪೆಸಿಫಿಕ್‌ನ ಹವಳದ ದಿಬ್ಬದ ಅಡಿಯ ಸ್ಫೋಟವನ್ನು ಭೂಮಿಯ ತಿರುಳೇ ಮಸೂರವಾಗಿ ಹಿಡಿದು, ಹತ್ತೊಂಬತ್ತೂವರೆ ನಿಮಿಷದಲ್ಲಿ, ನಮ್ಮ ಪಿನಾಕಿನಿ ಸೀಮೆಯ ಹೊಲಗಳ ಕಡೆಗೆ ಕೂಡಿಸಿ ಕಳಿಸುತ್ತದೆ. ಆ ಅಲೆ ಪಕ್ಕದಿಂದ ಬರುವುದಿಲ್ಲ, ಹೆಚ್ಚೂಕಡಿಮೆ ನೇರ ಕಾಲಡಿಯಿಂದ ಏಳುತ್ತದೆ. ಎರಡು ಸೆಕೆಂಡಿನ ಬದಲು ಒಂದು ಸೆಕೆಂಡೂ ಆಗದೆ ಇಪ್ಪತ್ತು ಉಪಕರಣಗಳೂ ಅಲುಗಿ ಮುಗಿದಿರುತ್ತವೆ. ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸರಿ, ನೆಲ ನಡುಗಿತು. ಅದು ಬಾಂಬೋ ಭೂಕಂಪವೋ ಹೇಗೆ ಗೊತ್ತು? ಜಗತ್ತಿನಲ್ಲಿ ಪ್ರತಿ ವರ್ಷ ಸಾವಿರಾರು ಭೂಕಂಪಗಳಾಗುತ್ತವೆ. ಇಡೀ ನಿಶ್ಶಸ್ತ್ರೀಕರಣದ ರಾಜಕೀಯ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು ಎಂದರೆ ನಂಬಬೇಕು. ಭೂಕಂಪದಲ್ಲಿ ಬಂಡೆಯ ಎರಡು ಪಕ್ಕಗಳು ಒಂದರ ಮೇಲೊಂದು ಜಾರುತ್ತವೆ. ಕೆಲವು ದಿಕ್ಕಿಗೆ ನೂಕು, ಕೆಲವು ದಿಕ್ಕಿಗೆ ಸೆಳೆತ. ಬಾಂಬ್ ಹಾಗಲ್ಲ, ಅದು ಎಲ್ಲ ದಿಕ್ಕಿಗೂ ನೂಕುತ್ತದೆ. ಆದ್ದರಿಂದ ಸ್ಪಷ್ಟವಾಗಿ ಕೇಳಿಸಿದ ಕಡೆಯಲ್ಲೆಲ್ಲ ನೆಲದ ಮೊಟ್ಟಮೊದಲ ಚಲನೆ ಮೇಲಕ್ಕೇ ಇರುತ್ತದೆ. ಭೂಕಂಪದ ಬಿರುಕು ಹಲವು ಕಿಲೋಮೀಟರ್ ಹರಡುವುದರಿಂದ ನೆಲದ ಮೇಲ್ಮೈಯಲ್ಲಿ ಹರಿಯುವ ಉದ್ದನೆಯ, ನಿಧಾನದ ಅಲೆಗಳು ದೊಡ್ಡವಾಗಿರುತ್ತವೆ. ಬಾಂಬಿನ ಸಿಡಿತ ಚಿಕ್ಕ ಜಾಗದಲ್ಲಿ, ಕಣ್ಣುಮಿಟುಕಿಸುವುದರೊಳಗೆ ಮುಗಿಯುವುದರಿಂದ ಚೂಪು ಅಲೆಗಳು ಜೋರು, ಉದ್ದನೆಯ ಅಲೆಗಳು ಸಪ್ಪೆ. ಇವೆರಡರ ಅನುಪಾತ ತೆಗೆದರೆ ದೊಡ್ಡ ಸ್ಫೋಟಗಳು ಬೇರೆಯಾಗಿಯೇ ನಿಲ್ಲುತ್ತವೆ. ಆಳ ಇನ್ನೊಂದು ಸಾಕ್ಷಿ. ಮೂವತ್ತು ಕಿಲೋಮೀಟರ್ ಆಳದಲ್ಲಿ ಕಂಪನ ಹುಟ್ಟಿದ್ದರೆ ಅಲ್ಲಿಗೆ ಬಾಂಬ್ ಇಳಿಸುವವರು ಯಾರೂ ಇಲ್ಲ.

ಇಂದು ಇದು ಪಠ್ಯಪುಸ್ತಕದ ವಿಷಯ. 1950ರ ದಶಕದಲ್ಲಿ ಹಾಗಿರಲಿಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ ಜಲಜನಕ ಬಾಂಬ್ ಸಿಡಿಸಿತು. ವಿಕಿರಣದ ಬೂದಿ ಜಪಾನಿನ ಮೀನುದೋಣಿಯೊಂದರ 23 ಜನರ ಮೇಲೆ ಬಿತ್ತು. ಒಂದು ತಿಂಗಳು ಕಳೆಯುತ್ತಿದ್ದಂತೆ, ಏಪ್ರಿಲ್ 2ರಂದು, ಲೋಕಸಭೆಯಲ್ಲಿ ಎದ್ದು ನಿಂತ ಜವಾಹರಲಾಲ್ ನೆಹರೂ, ಬೇರೆ ಒಪ್ಪಂದ ಆಗುವವರೆಗೆ ಪರೀಕ್ಷೆಗಳನ್ನಾದರೂ ನಿಲ್ಲಿಸಿ ಎಂದು ಜಗತ್ತನ್ನು ಕೇಳಿದರು. ಪರೀಕ್ಷೆ ನಿಲ್ಲಲಿ ಎಂಬ ಬೇಡಿಕೆಯನ್ನು ಜಗತ್ತಿನ ಮುಂದೆ ಇಟ್ಟ ಮೊದಲ ಸರ್ಕಾರದ ಮುಖ್ಯಸ್ಥರು ಅವರು. ಈ ಮಾತನ್ನು ನಾವು ಮರೆಯಬಾರದು.

ನಿಲ್ಲಿಸುವುದು ಸರಿ, ನಿಲ್ಲಿಸಿದರು ಎಂದು ಖಾತ್ರಿ ಹೇಗೆ? 1957ರಲ್ಲಿ ಅಮೆರಿಕ ನೆವಾಡದಲ್ಲಿ ರೇನಿಯರ್ ಎಂಬ 1.7 ಕಿಲೋಟನ್ ಬಾಂಬನ್ನು ಬೆಟ್ಟದೊಳಗೆ ಸಿಡಿಸಿ ನೋಡಿತು. ಹೊಗೆ ಇಲ್ಲ, ಬೂದಿ ಇಲ್ಲ, ಗಾಳಿಯಲ್ಲಿ ವಿಕಿರಣವೂ ಇಲ್ಲ. ಉಳಿದದ್ದು ನೆಲದ ನಡುಕ ಒಂದೇ. 1958ರ ಬೇಸಿಗೆಯಲ್ಲಿ ಪೂರ್ವ ಪಶ್ಚಿಮದ ತಜ್ಞರು ಜಿನೀವಾದಲ್ಲಿ ಕೂತು ಜಗತ್ತಿನಾದ್ಯಂತ ನೆಲದ ಮೇಲೆ 160ಕ್ಕೂ ಹೆಚ್ಚು ಕೇಳುಠಾಣೆಗಳು, ಜೊತೆಗೆ 10 ಹಡಗುಗಳು ಬೇಕು ಎಂದು ಲೆಕ್ಕ ಹಾಕಿದರು. ಆಮೇಲೆ ಶುರುವಾಯಿತು ಜಗ್ಗಾಟ. ಅನುಮಾನ ಬಂದ ಜಾಗಕ್ಕೆ ಹೋಗಿ ನೋಡಲು ವರ್ಷಕ್ಕೆ ಏಳು ಸಲವಾದರೂ ಬಿಡಬೇಕು ಎಂದಿತು ಅಮೆರಿಕ. ಮೂರಕ್ಕಿಂತ ಹೆಚ್ಚಿಲ್ಲ ಎಂದಿತು ಸೋವಿಯತ್ ಒಕ್ಕೂಟ. ಏಳು ಮತ್ತು ಮೂರರ ನಡುವಿನ ಈ ಅಂತರದಲ್ಲಿ ಪೂರ್ಣ ನಿಷೇಧ ಬಿದ್ದುಹೋಯಿತು! 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾದ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಸ್ಫೋಟ ಬೇಡ ಎಂದಿತು, ನೆಲದಡಿಯದನ್ನು ಬಿಟ್ಟುಬಿಟ್ಟಿತು. ಭಾರತವೂ ಆ ಒಪ್ಪಂದಕ್ಕೆ ಕೂಡಲೇ ಸಹಿ ಹಾಕಿತು. 1945ರಿಂದ ಇದುವರೆಗೆ ನಡೆದ ಎರಡು ಸಾವಿರಕ್ಕೂ ಹೆಚ್ಚು ಪರಮಾಣು ಪರೀಕ್ಷೆಗಳಲ್ಲಿ ಬಹುಪಾಲು ನೆಲದಡಿಯವು. ನನ್ನ ಮಟ್ಟಿಗೆ ಇಡೀ ಕಥೆಯ ಗುಟ್ಟು ಇಲ್ಲಿದೆ: ಮನುಷ್ಯ ಎಷ್ಟು ಚೆನ್ನಾಗಿ ಕೇಳಬಲ್ಲನೋ ಅಷ್ಟರ ಮಟ್ಟಿಗೇ ಅವನ ಒಪ್ಪಂದ ಗಟ್ಟಿಯಾಗುತ್ತದೆ.

ಆದ್ದರಿಂದ ಕೇಳುವುದನ್ನು ಕಲಿಯಬೇಕಾಯಿತು. ಬ್ರಿಟನ್ನಿನ ವಿಜ್ಞಾನಿಗಳು ಒಂದೇ ಮಾದರಿಯ ಜಾಲಗಳನ್ನು ಭೂಮಿಯ ಬೇರೆಬೇರೆ ಮೂಲೆಗಳ ಹಳೆಯ ಬಂಡೆಗಳ ಮೇಲೆ ಹಾಸುತ್ತ ಹೋದರು. 1962ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಮತ್ತು ಕೆನಡಾದ ಹಿಮಸೀಮೆಯ ಯೆಲ್ಲೋನೈಫ್, 1965ರಲ್ಲಿ ಆಸ್ಟ್ರೇಲಿಯದ ಕೆಂಪು ಮರಳುಗಾಡಿನ ವರ್ರಮುಂಗ, ಅದೇ ವರ್ಷ ನಮ್ಮ ಗೌರಿಬಿದನೂರು. ಒಂದೇ ಬಸಿರಿನ ಅಕ್ಕತಂಗಿಯರು! ಹಿಂದಿನ ವರ್ಷವಷ್ಟೇ, 1964ರ ಅಕ್ಟೋಬರ್ 16ರಂದು, ಚೀನಾ ಲೋಪ್ ನೋರ್‌ನಲ್ಲಿ ತನ್ನ ಮೊದಲ ಬಾಂಬ್ ಸಿಡಿಸಿತ್ತು. ಭಾರತದ ಪರಮಾಣು ವಿಜ್ಞಾನದ ಮುಂದಾಳು ಹೋಮಿ ಭಾಭಾ ತಮ್ಮ ಯೌವನದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ವಿಶ್ವಕಿರಣಗಳ ಬೆನ್ನು ಹತ್ತಿದ್ದವರು. ಗೌರಿಬಿದನೂರಿನ ಕಿವಿ ತೆರೆದ ಮರುವರ್ಷದ ಜನವರಿಯಲ್ಲೇ ಅವರು ಮೋಂಟ್ ಬ್ಲಾಂಕ್ ಶಿಖರದ ವಿಮಾನ ದುರಂತದಲ್ಲಿ ತೀರಿಕೊಂಡರು.

ಕೇಳುವವರು ಇದ್ದಾರೆಂದರೆ ಅಡಗಿಸುವವರೂ ಇರುತ್ತಾರೆ. ಅಮೆರಿಕದವರೇ ಇದನ್ನು ಮಾಡಿ ನೋಡಿದರು. 1964ರಲ್ಲಿ ಮಿಸಿಸಿಪ್ಪಿಯ ನೆಲದಡಿಯ ಉಪ್ಪಿನ ಗುಮ್ಮಟದೊಳಗೆ 5.3 ಕಿಲೋಟನ್ ಬಾಂಬ್ ಸಿಡಿಸಿದರು. ಅದು ಉಪ್ಪನ್ನು ಕರಗಿಸಿ ಒಳಗೊಂದು ದೊಡ್ಡ ಪೊಳ್ಳು ಮಾಡಿತು. 1966ರಲ್ಲಿ ಅದೇ ಪೊಳ್ಳಿನ ನಡುವೆ 380 ಟನ್ನಿನ ಇನ್ನೊಂದು ಚಿಕ್ಕ ಬಾಂಬನ್ನು ತೂಗುಬಿಟ್ಟು ಸಿಡಿಸಿದರು. ಪೊಳ್ಳಿನ ಗಾಳಿಯೇ ಪೆಟ್ಟನ್ನು ನುಂಗಿತು. ಹೊರಗೆ ಕೇಳಿಸಿದ್ದು ಕೇಳಿಸಬೇಕಾದದ್ದರ ಸುಮಾರು ಎಪ್ಪತ್ತರಲ್ಲಿ ಒಂದು ಪಾಲು. ಅಂದಿನಿಂದ ಕೇಳುಗರ ಕೆಲಸ ಇನ್ನೂ ಸೂಕ್ಷ್ಮವಾಗಿದೆ.

ಗೌರಿಬಿದನೂರಿನ ಕಿವಿಗೆ ಮನೆಯ ಸದ್ದೂ ಬಿತ್ತು. ತುಮಕೂರಿನಲ್ಲಿ ಹುಟ್ಟಿ, ನಮ್ಮ ಕಂಟೋನ್ಮೆಂಟಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಪಿಯಾನೊ ನುಡಿಸುವುದರಲ್ಲಿ ಪಳಗಿದ ರಾಜಾ ರಾಮಣ್ಣನವರ ಮುಂದಾಳತ್ವದಲ್ಲಿ 1974ರ ಮೇ 18ರ ಬೆಳಿಗ್ಗೆ ಭಾರತದ ಮೊದಲ ಅಣುಪರೀಕ್ಷೆಗೆ ರಾಜಸ್ಥಾನದ ಪೋಖ್ರಾನ್ ನೆಲ ಮೇಲೆದ್ದಿತು. ಪೋಖ್ರಾನ್‌ನಿಂದ ಗೌರಿಬಿದನೂರಿಗೆ ಸುಮಾರು 1,600 ಕಿಲೋಮೀಟರ್, ಅಲೆಗೆ ಮೂರೂವರೆ ನಿಮಿಷದ ದಾರಿ. ಬಾಂಬ್ ಮಾಡಿದ್ದೂ ಬಿಎಆರ್‌ಸಿ, ಬಾಂಬನ್ನು ಕೇಳುವ ಕಿವಿಯನ್ನು ಕಾಯುತ್ತಿದ್ದದ್ದೂ ಬಿಎಆರ್‌ಸಿ. ರಾಮಣ್ಣನವರು ಮುಂದೆ ಬೆಂಗಳೂರಿಗೇ ಬಂದು, ಜೆ.ಆರ್.ಡಿ. ಟಾಟಾ 1988ರಲ್ಲಿ ಕಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ, ಅಂದರೆ ನಿಯಾಸ್‌ನ ಮೊದಲ ನಿರ್ದೇಶಕರಾದರು, ರಾಗ ಸಂಗೀತ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಬಗ್ಗೆ ಪುಸ್ತಕವನ್ನೂ ಬರೆದರು. ಇಂಥ ಕಿವಿಯ ಮನುಷ್ಯ ಗೌರಿಬಿದನೂರಿನ ದಾಖಲೆಗಳ ಲಯವನ್ನು ಹೇಗೆ ಓದಿದ್ದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

1998ರ ಮೇ 11, ಮಧ್ಯಾಹ್ನ 3.45. ಪೋಖ್ರಾನ್‌ನಲ್ಲಿ ಒಂದೇ ಗಳಿಗೆಗೆ ಮೂರು ಸ್ಫೋಟ. ಒಟ್ಟು ಸುಮಾರು 60 ಕಿಲೋಟನ್ ಎಂದಿತು ಭಾರತ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಕೊಟ್ಟ ತೀವ್ರತೆ 5.2. ಬಿಎಆರ್‌ಸಿ ವಿಜ್ಞಾನಿಗಳ ಲೆಕ್ಕ 5.4. ಇಷ್ಟು ಸಣ್ಣ ವ್ಯತ್ಯಾಸವೇ ಎನ್ನಬೇಡಿ, ಈ ಅಳತೆಯಲ್ಲಿ 0.2 ಎಂದರೆ ಬಾಂಬಿನ ಬಲದಲ್ಲಿ ಹೆಚ್ಚೂಕಡಿಮೆ ಎರಡು ಪಟ್ಟಿನ ವ್ಯತ್ಯಾಸ. ಹೊರದೇಶದ ಹಲವರು ಬಲ ಅದಕ್ಕಿಂತ ತೀರಾ ಕಡಿಮೆ ಎಂದರು. ಬಿಎಆರ್‌ಸಿ ಉತ್ತರ ಕೊಟ್ಟಿತು: ಮೂರರಲ್ಲಿ, ಒಂದು ಕಿಲೋಮೀಟರ್ ಅಂತರದ ಎರಡು ದೊಡ್ಡ ಸ್ಫೋಟಗಳ ಅಲೆಗಳು ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಕುಗ್ಗಿಸುತ್ತವೆ, ಎಲ್ಲ ದಿಕ್ಕಿನ ದಾಖಲೆ ಸೇರಿಸಿ ನೋಡಿ. 1974ರ ಮತ್ತು 1998ರ ಗೌರಿಬಿದನೂರಿನ ದಾಖಲೆಗಳ ಹೋಲಿಕೆಯೂ ಆ ವಾದದ ಭಾಗವಾಯಿತು. ವಾದ ಅಚ್ಚಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. 2009ರಲ್ಲಿ, ಪೋಖ್ರಾನ್ ಪರೀಕ್ಷೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಪರವಾಗಿ ಹೊಣೆ ಹೊತ್ತಿದ್ದ ಕೆ. ಸಂತಾನಂ ಅವರೇ ಆ ಮೂರರಲ್ಲಿ ಒಂದಾಗಿದ್ದ ಜಲಜನಕ ಬಾಂಬಿನ ಬಲ ಹೇಳಿದಷ್ಟು ಬರಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಸರ್ಕಾರ ಮತ್ತು ಬಿಎಆರ್‌ಸಿ ಅದನ್ನು ತಳ್ಳಿಹಾಕಿದವು. ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಮೇ 13ರಂದು ಭಾರತ ಸಿಡಿಸಿದ ಎರಡು ಚಿಕ್ಕ ಬಾಂಬುಗಳು ಹೊರಗಿನ ಭೂಕಂಪನ ಕೇಂದ್ರಗಳಿಗೆ ಕೇಳಿಸಲೇ ಇಲ್ಲ. ಕಿವಿ ಎಷ್ಟೇ ಚುರುಕಾಗಿದ್ದರೂ ಹತ್ತಿರದ ಕಿವಿಗೆ ಬೇರೆ ಬೆಲೆ ಇದೆ.

ಇತ್ತ ಜಗತ್ತು ಒಂದು ಮಹಾ ಕಿವಿಯನ್ನು ಕಟ್ಟಿಕೊಂಡಿದೆ. 1996ರ ಸೆಪ್ಟೆಂಬರ್ 24ರಂದು ಸಹಿಗೆ ತೆರೆದ ಸಮಗ್ರ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದ, ಅಂದರೆ ಸಿಟಿಬಿಟಿಯ ಕೆಳಗೆ 337 ನೆಲೆಗಳ ಜಾಲ ನಿಗದಿಯಾಗಿದೆ: ನೆಲ ಕೇಳುವ 170, ಕಡಲೊಳಗೆ ಕೇಳುವ 11, ಮನುಷ್ಯರ ಕಿವಿಗೆ ನಿಲುಕದ ತಗ್ಗು ಸದ್ದನ್ನು ಗಾಳಿಯಲ್ಲಿ ಹಿಡಿಯುವ 60, ವಿಕಿರಣದ ಕಣ ಹುಡುಕುವ 80, ಅವನ್ನು ಪರೀಕ್ಷಿಸುವ 16 ಪ್ರಯೋಗಾಲಯ. ಎಲ್ಲದರ ದಾಖಲೆ ಹರಿಯುವುದು ವಿಯೆನ್ನಾಕ್ಕೆ. 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ಸಿಡಿಸಿದ್ದು ಒಂದು ಕಿಲೋಟನ್ನಿಗೂ ಕಡಿಮೆ ಬಲದ ಬಾಂಬ್. ನೆಲದ ಕಿವಿಗಳು ಕೂಡಲೇ ಹಿಡಿದವು. ಎರಡು ವಾರದ ನಂತರ ಸಾವಿರಾರು ಕಿಲೋಮೀಟರ್ ಆಚೆ, ನಮ್ಮ ಗೌರಿಬಿದನೂರಿನ ಅಕ್ಕನ ಊರಾದ ಯೆಲ್ಲೋನೈಫ್‌ನಲ್ಲಿ, ಬೆಟ್ಟದ ಬಿರುಕಿನಿಂದ ಸೋರಿದ ಕ್ಸೆನಾನ್ 133 ಅನಿಲದ ಸುಳಿವು ಸಿಕ್ಕಿತು. ಈ ಶತಮಾನದಲ್ಲಿ ಪರಮಾಣು ಪರೀಕ್ಷೆ ನಡೆಸಿದ ದೇಶವೆಂದರೆ ಉತ್ತರ ಕೊರಿಯಾ ಒಂದೇ, ಕೊನೆಯದು 2017ರ ಸೆಪ್ಟೆಂಬರ್ 3ರಂದು. ಕದ್ದು ಸಿಡಿಸಿದರೆ ಸಿಕ್ಕಿಬೀಳುತ್ತೇವೆ ಎಂಬ ಅರಿವು ಇದರಲ್ಲಿ ಕೆಲಸ ಮಾಡಿದೆ ಎಂದೇ ನಾನು ನಂಬಿದ್ದೇನೆ.

ಬಾಂಬಿಗಾಗಿ ಹಾಸಿದ ಬಲೆಗೆ ಎಂಥೆಂಥ ಸಂಗತಿಗಳು ಬಿದ್ದಿವೆ! 1960ರ ದಶಕದಲ್ಲಿ ಬಾಂಬ್ ಹುಡುಕಲು ಅಮೆರಿಕ ಜಗತ್ತಿನಾದ್ಯಂತ ಹಂಚಿದ ಭೂಕಂಪನಮಾಪಕಗಳೇ ಭೂಕಂಪಗಳ ನಿಖರ ನಕಾಶೆ ಬರೆದು, ಖಂಡಗಳು ತೇಲುತ್ತವೆ ಎಂಬುದಕ್ಕೆ ಬಲವಾದ ಸಾಕ್ಷಿ ಕೊಟ್ಟವು. 2013ರಲ್ಲಿ ರಷ್ಯದ ಚೆಲ್ಯಾಬಿನ್‌ಸ್ಕ್ ಆಕಾಶದಲ್ಲಿ ಉಲ್ಕೆ ಸಿಡಿದಾಗ ಅದರ ತಗ್ಗು ಸದ್ದು ಭೂಮಿಯನ್ನು ಸುತ್ತಿ ಬಂದದ್ದನ್ನು ಸಿಟಿಬಿಟಿಯ ಜಾಲ ದಾಖಲಿಸಿತು. ಹಿಂದೂ ಮಹಾಸಾಗರದೊಳಗಿನ ಅದರ ಕಿವಿಗಳಿಗೆ ನೀಲಿ ತಿಮಿಂಗಿಲಗಳ, ಅದುವರೆಗೆ ಯಾರಿಗೂ ಗೊತ್ತಿರದ, ಒಂದು ಗುಂಪಿನ ಹಾಡು ಕೇಳಿಸಿತು. ಗೌರಿಬಿದನೂರಿನ ಬಳಿಯೇ ಇನ್ನೊಂದು ಸೋಜಿಗವಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಸೇರಿ 1976ರಲ್ಲಿ ಅಲ್ಲಿ ಸಾವಿರ ಆಂಟೆನಾಗಳ ರೇಡಿಯೊ ದೂರದರ್ಶಕ ನಿಲ್ಲಿಸಿದವು. ಒಂದೇ ತಾಲ್ಲೂಕು: ಒಂದು ಜಾಲ ಪಾತಾಳವನ್ನು ಕೇಳುತ್ತದೆ, ಇನ್ನೊಂದು ಆಕಾಶವನ್ನು.

ಆದರೆ ಆ 337ರ ಪಟ್ಟಿಯಲ್ಲಿ ಗೌರಿಬಿದನೂರು ಇಲ್ಲ. ಯೆಲ್ಲೋನೈಫ್ ಇದೆ, ವರ್ರಮುಂಗ ಇದೆ, ಎಸ್ಕ್‌ಡೇಲ್‌ಮ್ಯೂರ್ ಇದೆ, ನಾಲ್ವರಲ್ಲಿ ನಮ್ಮವಳು ಮಾತ್ರ ಹೊರಗೆ. ಕಾರಣ, ಭಾರತ ಸಿಟಿಬಿಟಿಗೆ ಸಹಿ ಹಾಕಿಲ್ಲ. ಬಾಂಬ್ ಇರುವವರು ತಮ್ಮದನ್ನು ಇಟ್ಟುಕೊಂಡು ಉಳಿದವರ ಕೈ ಕಟ್ಟುವ ಒಪ್ಪಂದ ಇದು, ಪೂರ್ಣ ನಿಶ್ಶಸ್ತ್ರೀಕರಣಕ್ಕೆ ಗಡುವು ಇಲ್ಲ ಎಂದು 1996ರಲ್ಲಿ ಜಿನೀವಾದಲ್ಲಿ ಭಾರತದ ಪರವಾಗಿ ಅರುಂಧತಿ ಘೋಷ್ ಖಂಡತುಂಡವಾಗಿ ಹೇಳಿದ್ದರು. ಆ ಮಾತಿನಲ್ಲಿ ಸತ್ಯವಿದೆ. ಒಪ್ಪಂದ ಇಂದಿಗೂ ಜಾರಿಗೆ ಬಂದಿಲ್ಲ. ಅಮೆರಿಕ, ಚೀನಾ ಸಹಿ ಹಾಕಿಯೂ ಅನುಮೋದಿಸಿಲ್ಲ. ಅನುಮೋದಿಸಿದ್ದ ರಷ್ಯ 2023ರ ನವೆಂಬರ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಮತ್ತೆ ಯಾರಾದರೂ ಶುರುಮಾಡಿಯಾರು ಎಂಬ ಭಯ ನಿಜವಾದದ್ದು.

ಅದಕ್ಕೇ ಈ ಕೋರಿಕೆ. ಸಹಿಯ ವಾದ ದೆಹಲಿಯಲ್ಲಿ ನಡೆಯಲಿ, ಅದಕ್ಕೆ ಅದರದೇ ಹೊತ್ತು ಬೇಕು. ಬಂಡೆ ಕೇಳಿದ್ದನ್ನು ಹಂಚಿಕೊಳ್ಳಲು ಅಷ್ಟು ಕಾಯಬೇಕಾಗಿಲ್ಲ. ಚೀನಾಕ್ಕೆ, ಪಾಕಿಸ್ತಾನಕ್ಕೆ, ಮಧ್ಯ ಏಷ್ಯಕ್ಕೆ ಇಷ್ಟು ಸಮೀಪದ, ಇಷ್ಟು ಗಟ್ಟಿಯಾದ ನೆಲದ ಮೇಲಿನ, ಅರವತ್ತು ವರ್ಷ ಪಳಗಿದ ಕಿವಿ ಜಗತ್ತಿನ ಕಾವಲಿಗೆ ಬೇಕಾದದ್ದೇ. ಗೌರಿಬಿದನೂರಿನ ದಾಖಲೆಗಳು ಆಗಿಂದಾಗಲೇ ವಿಯೆನ್ನಾದ ಕೋಷ್ಟಕಕ್ಕೆ ಸೇರುವಂತಾಗಲಿ, ಹಳೆಯ ದಾಖಲೆಗಳು ನಮ್ಮ ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರ ಕೈಗೆ ಸಿಗಲಿ. ಪರೀಕ್ಷೆ ನಿಲ್ಲಿಸಿ ಎಂದು 1954ರಲ್ಲಿ ಎಲ್ಲರಿಗಿಂತ ಮೊದಲು ಕೇಳಿದ ದೇಶ ನಾವು. ನಿಂತಿದೆಯೇ ಎಂದು ಎಲ್ಲರ ಜೊತೆ ಕೂತು ಕೇಳುವ ಕೆಲಸದಲ್ಲೂ ನಮ್ಮ ಪಾಲು ಇರಬೇಕು.